ಬೀರು ಸೇರಿದ ಕ್ಯಾಮೆರಾಕ್ಕೆ ಯಾವುದು ಮದ್ದು: 35, 50 ಡಿ, ಇಲ್ಲಾ ಫಿಲ್ಮ್ ರೋಲು?

ಫೋಟೊ ತೆಗೆಯುವ ಹುಮ್ಮಸ್ಸು ಇಳಿದು ನಿಕಾನ್ ಡಿ3400, ಡಿ5300 ತರಹದ ಬಾಡಿಯನ್ನು (ಲೆನ್ಸ್ ಬಿಟ್ಟು ಉಳಿಯುವ ಕ್ಯಾಮೆರಾ) ಬೀರುವಿನಲ್ಲಿಟ್ಟವರಿಗೆ ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಡಿಎಕ್ಸ್ 35 ಮಿ.ಮೀ. ಎಫ್ 1.8 ಜಿ ಲೆನ್ಸ್. ಜೂಮ್ ಇಲ್ಲ, ಆದರೆ ಬೆಳಕು ಧಾರಾಳ: ಎಫ್ ಸಂಖ್ಯೆ ಚಿಕ್ಕದಾದಷ್ಟೂ ಒಳಬರುವ ಬೆಳಕು ಹೆಚ್ಚು. ಸೆಕೆಂಡ್ ಹ್ಯಾಂಡ್ ಆದರೆ ಹತ್ತು ಸಾವಿರದೊಳಗೆ ಮುಗಿಯುತ್ತದೆ. ಹೊಸ ಬಾಡಿಗೆ ಲಕ್ಷ ಸುರಿದರೆ ಬೇಲೂರಿನ ಅದೇ ಮದನಿಕೆಯನ್ನು ಅದೇ ಜಾಗದಲ್ಲಿ ನಿಂತು ಇನ್ನಷ್ಟು ಮೆಗಾಪಿಕ್ಸೆಲ್‌ನಲ್ಲಿ ತೆಗೆಯುತ್ತೀರಿ, ಅಷ್ಟೇ.

ಹಳೇಬೀಡಿನಲ್ಲಿ ಕ್ಯಾಮೆರಾ ಜೊತೆಗೇ ಬರುವ 18-55 ಜೂಮ್ (ಕಿಟ್ ಲೆನ್ಸ್) ಹಾಕಿಕೊಂಡವರು ನಿಂತಲ್ಲೇ ನಿಂತು ರಿಂಗ್ ತಿರುಗಿಸುತ್ತಾರೆ. 35ರಲ್ಲಿ ಗುಡಿ ಪೂರ್ತಿ ಕೂರುವುದಿಲ್ಲ, ಹಾಗಾಗಿ ಗೋಡೆಯ ಹತ್ತಿರ ಹೋಗಲೇಬೇಕು. 30 ಸೆಂ.ಮೀ.ವರೆಗೂ ಫೋಕಸ್ ಆಗುತ್ತದೆ. ತಳದ ಆನೆ ಸಾಲಿನೆದುರು ಕುಕ್ಕರಗಾಲಲ್ಲಿ ಕೂತು ಒಂದೊಂದೇ ಸೊಂಡಿಲಿನ ಬಾಗು ನೋಡುತ್ತಾ ಹೋದರೆ ಅರ್ಧ ಗಂಟೆ ಹೋಗಿದ್ದೇ ಗೊತ್ತಾಗುವುದಿಲ್ಲ. ನಕ್ಷತ್ರಾಕಾರದ ಗೋಡೆಯಾದ್ದರಿಂದ ಬಿಸಿಲಿದ್ದಾಗ ಯಾವುದಾದರೊಂದು ಮೂಲೆಗೆ ಓರೆ ಬೆಳಕು ಬಿದ್ದೇ ಇರುತ್ತದೆ. ಕೆತ್ತನೆಯ ಆಳ ಕಾಣುವುದು ಅಲ್ಲೇ. ಒಳಗಿನ ಕಂಬಗಳ ಕತ್ತಲಲ್ಲಿ ಕಿಟ್ ಲೆನ್ಸ್ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ, ಏರಿದಷ್ಟೂ ಚಿತ್ರ ಒರಟು) 6400 ಕೇಳಿದರೆ ಇದಕ್ಕೆ 1000 ಸಾಕು.

50 ಮಿ.ಮೀ. ಎಫ್ 1.8 ಡಿ ಅನ್ನುವ ಹಳೆ ಮಾದರಿಯ ಲೆನ್ಸ್ ಇನ್ನೂ ಅಗ್ಗ. ಎಡವುವುದೂ ಇಲ್ಲೇ. ಮಾರುವವರು "ನಿಕಾನ್‌ಗೆಲ್ಲ ಕೂರುತ್ತೆ ಸಾರ್" ಅನ್ನುತ್ತಾರೆ. ಕೂರುತ್ತದೆ ನಿಜ, ಆಟೋಫೋಕಸ್ ಆಗುವುದಿಲ್ಲ! ಲೆನ್ಸಿನೊಳಗೆ ಮೋಟಾರ್ ಇಲ್ಲ, ಬಾಡಿಯ ಮೋಟಾರೇ ಅದನ್ನು ತಿರುಗಿಸಬೇಕು. ಡಿ3000, ಡಿ5000 ಸರಣಿಗಳಲ್ಲಿ ಆ ಮೋಟಾರ್ ಇಲ್ಲ, ಡಿ7000 ಸರಣಿಯಲ್ಲಿದೆ. ನಿಮ್ಮದು ಯಾವುದೆಂದು ಅನುಮಾನವಿದ್ದರೆ ಲೆನ್ಸ್ ಬಿಚ್ಚಿ ಬಾಡಿಯ ಲೋಹದ ಉಂಗುರ ನೋಡಿ: ಸ್ಕ್ರೂಡ್ರೈವರ್ ತುದಿಯಂಥದ್ದು ಪುಟ್ಟದಾಗಿ ಹೊರಗೆ ಚಾಚಿರಬೇಕು.

ಇನ್ನೊಂದು ಕಾಟ ಈ ಲೆನ್ಸಿನ ಅಪರ್ಚರ್ ರಿಂಗ್‌ನದು (ಬೆಳಕಿನ ಕಿಂಡಿ ಹಿಗ್ಗಿಸಿ ಕುಗ್ಗಿಸುವ ಉಂಗುರ). ಅದನ್ನು 22ಕ್ಕೆ ತಂದು ಪಕ್ಕದ ಪುಟ್ಟ ಲಾಕ್ ಸರಿಸಬೇಕು. ಬ್ಯಾಗಿನಲ್ಲಿ ಉಜ್ಜಿ ಒಂದು ಹಲ್ಲು ಜರುಗಿದರೂ ಪರದೆಯ ಮೇಲೆ "ಎಫ್‌ಇಇ" ಬಂದು ಶಟರ್ ಒತ್ತಲು ಬಿಡುವುದಿಲ್ಲ. ಕ್ಯಾಮೆರಾ ಕೆಟ್ಟಿತೆಂದು ರಿಪೇರಿಗೆ ಒಯ್ಯುವ ಮೊದಲು ರಿಂಗ್ ನೋಡಿಕೊಳ್ಳಿ.

ಕೈಯಲ್ಲೇ ಫೋಕಸ್ ಮಾಡುತ್ತೇನೆಂದರೆ ವ್ಯೂಫೈಂಡರ್ ಕೆಳಗೆ ಎಡಕ್ಕೆ ಚುಕ್ಕಿ ನಿಂತಾಗ ಒತ್ತಬೇಕು. ಎಫ್ 1.8ರಲ್ಲಿ ಒಂದು ಮೀಟರ್ ದೂರಕ್ಕೆ ಚೂಪಾಗಿ ಬರುವ ಆಳ ಹೆಚ್ಚೆಂದರೆ ಮೂರು ಸೆಂ.ಮೀ. ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿ ಚಿಲ್ಲರೆ ಹುಡುಕಲು ತುಸು ಬಗ್ಗಿದರೂ ಕಣ್ಣು ಮಸುಕು, ಕಿವಿಯೋಲೆ ಸ್ಪಷ್ಟ. ಕಿಂಡಿಯನ್ನು ಎಫ್ 4ಕ್ಕೆ ಕುಗ್ಗಿಸಿದರೆ ಬದುಕಬಹುದು. ಅದೂ ಅಲ್ಲದೆ ಚಿಕ್ಕ ಸೆನ್ಸರಿನ ಈ ಬಾಡಿಗಳಲ್ಲಿ 50 ಅಂದರೆ 75ರಷ್ಟು ಕಿರಿದಾದ ನೋಟ. ಹಿಂದೆ ಸರಿಯಹೋದರೆ ಯಾರದೋ ಟೊಮ್ಯಾಟೊ ರಾಶಿ. ಉತ್ಸಾಹ ಅರ್ಧಕ್ಕೇ ಇಳಿದವರಿಗೆ ಇಷ್ಟೆಲ್ಲ ತಲೆನೋವು ಯಾಕೆ?

ಹಳೆ ಫಿಲ್ಮ್ ಎಸ್‌ಎಲ್‌ಆರ್ ನನಗೂ ಇಷ್ಟ. 36 ಚಿತ್ರಕ್ಕೆ ಕಟ್ಟುಬಿದ್ದರೆ ಕಣ್ಣು ತಾನೇ ಚುರುಕಾಗುತ್ತದೆ. ರೋಲ್ ಹಾಕಿ ಲಿವರ್ ಎಳೆದಾಗ ಎಡಗಡೆಯ ರಿವೈಂಡ್ ಗುಬುಟು ತಿರುಗಬೇಕು. ತಿರುಗದಿದ್ದರೆ ಫಿಲ್ಮಿನ ತುದಿ ಸ್ಪೂಲಿಗೆ (ಫಿಲ್ಮ್ ಸುತ್ತಿಕೊಳ್ಳುವ ಉರುಳೆ) ಸಿಕ್ಕಿಲ್ಲ, 36ನ್ನೂ ಖಾಲಿ ಹೊಡೆಯುತ್ತೀರಿ. ಹಿಂಬಾಗಿಲ ಫೋಮ್ ಅಂಟಂಟಾಗಿದ್ದರೆ ಬೆಳಕು ಸೋರುತ್ತದೆ. ಆದರೆ ನನಗೆ ಒಗ್ಗದ್ದು ಕಾಯುವುದು. ಚಿಕ್ಕಮಗಳೂರಿನ ತೋಟಗಳಲ್ಲಿ ಮಾರ್ಚ್-ಏಪ್ರಿಲ್ ಮಳೆ ಬಿದ್ದ ಮೇಲೆ ಕಾಫಿ ಹೂವು ನಿಲ್ಲುವುದೇ ಮೂರ್ನಾಲ್ಕು ದಿನ. ಬೆಂಗಳೂರಿಗೆ ಕೊರಿಯರ್ ಆದ ರೋಲು ತೊಳೆದು ಬರುವಷ್ಟರಲ್ಲಿ ಹೂವು ಉದುರಿರುತ್ತದೆ. ತಪ್ಪು ತಿದ್ದಿಕೊಳ್ಳಲು ಮುಂದಿನ ವರ್ಷವೇ ಗತಿ.

ಒಂದು ಪೈಸೆಯೂ ಬೇಡವೆಂದರೆ 18-55ನ್ನು 35ಕ್ಕಿಟ್ಟು ಜೂಮ್ ರಿಂಗಿಗೆ ಇನ್ಸುಲೇಷನ್ ಟೇಪ್ ಸುತ್ತಿ ಒಂದು ವಾರ ಓಡಾಡಿ. ಹಿಡಿಸಿದರೆ ಮಾತ್ರ ದುಡ್ಡು ಬಿಚ್ಚಿ. ಟೇಪ್ ಕಿತ್ತು ಜೂಮ್ ಮಾಡುವ ಚಟ ಇದ್ದರೆ ಅದು ನಡೆಯದು.

ಕೆಲಸಕ್ಕೆ ಹೊರಡುವ ಮುಂಚೆ ಬೆಳಗ್ಗೆ ಸಿಗುವ ಅರ್ಧ ಗಂಟೆಯೇ ನನ್ನ ಸಮಯ, ಒಂದು ಲೆನ್ಸಿನಷ್ಟೇ ಬಜೆಟ್ಟು. ಅದಕ್ಕೇ 35. ಮಲೆನಾಡಿನ ಅಂಚಿನಲ್ಲಿ ಬಳಸಿದ ಲೆನ್ಸ್ ಕೊಳ್ಳುವಾಗ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್, ಎಷ್ಟೇ ಅಗ್ಗವಾದರೂ ಬೇಡ. ತಂದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿಡಿ. ನೀಲಿ ಹರಳು ಗುಲಾಬಿಯಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ನೀಲಿ ಮರಳುವತನಕ ಬಿಸಿ ಮಾಡಿ, ಆರಿದ ಮೇಲೆ ಮತ್ತೆ ಡಬ್ಬಿಗೆ ಹಾಕಿ. ಆ ಬಾಣಲೆಯಲ್ಲಿ ಆಮೇಲೆ ಅಡುಗೆ ಬೇಡ.