ಬಾಸ್ ಹಂಚಿಕೆ: ರಿಸೀವರ್‌ನಲ್ಲಾ, ಸಬ್‌ವೂಫರ್ ನಾಬ್‌ನಲ್ಲಾ?

ಬಾಸ್ ಅಂದರೆ ತಗ್ಗಿನ ಸದ್ದನ್ನು ಸ್ಪೀಕರ್‌ಗಳಿಗೂ ಸಬ್‌ವೂಫರ್‌ಗೂ (ಸಬ್, ಬಾಸ್‌ಗೆಂದೇ ಇರುವ ಸ್ಪೀಕರ್) ಹಂಚೋದನ್ನು ರಿಸೀವರ್‌ನಲ್ಲಿ (ಹೋಮ್ ಥಿಯೇಟರ್ ಆಂಪ್ಲಿಫೈಯರ್) ಹೊಂದಿಸಬೇಕಾ, ಸಬ್‌ನ ನಾಬ್‌ನಲ್ಲಾ ಅಂತ ಕೇಳಿದ್ದೀರಿ. ಮೊದಲು ಸ್ಪೀಕರ್ ಮೇಲಿನ ಹೊರೆ ನೋಡಿ, ಮುಖ್ಯ ವ್ಯತ್ಯಾಸ ಇರೋದೇ ಅಲ್ಲಿ.

ರಿಸೀವರ್‌ನಲ್ಲಿ ಸ್ಪೀಕರ್‌ಗಳನ್ನು ‘ಸ್ಮಾಲ್’ ಮಾಡಿ ಕ್ರಾಸ್‌ಓವರ್ (ಸದ್ದು ಹಂಚುವ ಗಡಿ) 80 ಹರ್ಟ್ಸ್‌ಗೆ ಇಟ್ಟರೆ, ಅದಕ್ಕಿಂತ ಕೆಳಗಿನ ಸದ್ದು ಬಹುಪಾಲು ಸಬ್‌ಗೆ ಹೋಗುತ್ತದೆ. ಪುಟ್ಟ ಸ್ಪೀಕರ್‌ನ ಕೋನ್ (ಅದುರಿ ಸದ್ದು ಮಾಡುವ ಭಾಗ) ಒದ್ದಾಡುವುದು ನಿಲ್ಲುತ್ತದೆ. ಸ್ಫೋಟದ ದೃಶ್ಯದಲ್ಲೂ ಮಾತು ಬಿಡಿಬಿಡಿಯಾಗಿ ಕೇಳುತ್ತದೆ. ‘ಸ್ಮಾಲ್’ ಅನ್ನೋದು ಗಾತ್ರದ ಮಾತಲ್ಲ. ದೊಡ್ಡ ಟವರ್ ಸ್ಪೀಕರ್ ಇದ್ದರೂ ನಾನು ಹಾಗೇ ಇಡುತ್ತೇನೆ.

ಸಬ್‌ನ ಕ್ರಾಸ್‌ಓವರ್ ನಾಬ್ (ವಾಲ್ಯೂಮ್ ನಾಬ್ ಅಲ್ಲ) ಸಬ್ ಎಷ್ಟು ಹರ್ಟ್ಸ್‌ವರೆಗೆ ನುಡಿಸಬೇಕು ಅನ್ನೋ ಮೇಲಿನ ಮಿತಿಯನ್ನಷ್ಟೇ ಕತ್ತರಿಸುತ್ತದೆ. ಸ್ಪೀಕರ್‌ಗಳು ಸಾಮಾನ್ಯವಾಗಿ ಪೂರ್ತಿ ಬಾಸ್ ಹೊತ್ತುಕೊಂಡೇ ಇರುತ್ತವೆ.

ಹೊಂದಿಸೋದು ರಿಸೀವರ್‌ನಲ್ಲೇ ಸುಲಭ. ಅದರ ಜೊತೆ ಅಳತೆಯ ಮೈಕ್ ಇದ್ದರೆ ಸ್ಪೀಕರ್‌ಗಳ ದೂರ, ಸದ್ದಿನ ಮಟ್ಟ ಎರಡನ್ನೂ ಅದೇ ಅಳೆಯುತ್ತದೆ. ಆದರೆ ಆಗ ಸಬ್‌ನ ನಾಬ್ ಪೂರ್ತಿ ಮೇಲಕ್ಕಿರಲಿ. ಇಲ್ಲದಿದ್ದರೆ ರಿಸೀವರ್‌ನದು, ಸಬ್‌ನದು ಎರಡು ಫಿಲ್ಟರ್ ಸೇರಿ ನಡುವಿನ ಬಾಸ್ ಸೊರಗುತ್ತದೆ.

ಖರ್ಚು? ಈಗಿರುವ ಸ್ಟೀರಿಯೋ ಆಂಪ್ಲಿಫೈಯರ್ ಸಾಕು ಅಂದರೆ ನಾಬ್ ದಾರಿಯೇ ಅಗ್ಗ. ಬರೀ ಸಂಗೀತ, ಗಟ್ಟಿ ಸ್ಪೀಕರ್, ಮಿತವಾದ ವಾಲ್ಯೂಮ್ ಇದ್ದವರಿಗೆ ಅದು ಚೆನ್ನಾಗಿಯೇ ಒಪ್ಪುತ್ತದೆ. ನಾಬನ್ನು 50 ಹರ್ಟ್ಸ್ ಹತ್ತಿರ ಇಟ್ಟು, ಬಾಸ್ ಗಿಟಾರ್ ಇರುವ ಹಾಡು ಹಾಕಿ, ನಿಧಾನಕ್ಕೆ ಮೇಲೇರಿಸಿ. ಕೆಲವು ಸ್ವರ ಮಾತ್ರ ಗುಂಯ್‌ಗುಟ್ಟಿದರೆ ಸ್ವಲ್ಪ ಇಳಿಸಿ. ಆಮೇಲೆ ಸಬ್‌ನ ಫೇಸ್ ಸ್ವಿಚ್ (ಸಬ್‌ನ ಅಲೆ ಸ್ಪೀಕರ್‌ಗಳ ಅಲೆಗೆ ಹೊಂದುವಂತೆ ಮಾಡುವ ಸ್ವಿಚ್) 0, 180 ಡಿಗ್ರಿ ಎರಡರಲ್ಲೂ ಇಟ್ಟು ಕೇಳಿ. ಬಾಸ್ ತುಂಬಿಕೊಂಡು ಬರುವ ಕಡೆ ಬಿಡಿ.

ಸಿನಿಮಾ ಜಾಸ್ತಿ ನೋಡುವ ಮನೆಗೆ, ಸ್ಪೀಕರ್ ಚಿಕ್ಕದಿದ್ದರಂತೂ, ರಿಸೀವರೇ ಸರಿ.