ಗೋಡೆಗೆ ಬೆಕ್ಕಿನ ಹಲಗೆ ಹೊಡೆಸುವ ಮೊದಲು ಇದನ್ನು ಓದಿ

ಬೆಕ್ಕಿಗೆ ಕೂರಲು ಗೋಡೆಯ ಮೇಲೆ ಹಲಗೆ ಮಾಡಿಸಬೇಕು ಅಂತಿದ್ದೀರಾ? ಬೇಡ ಅನ್ನುವುದಿಲ್ಲ. ಮನೆಯೊಳಗೇ ಇರುವ ಬೆಕ್ಕಿಗೆ ಎತ್ತರದ ಜಾಗ ಬೇಕೇ ಬೇಕು. ಆದರೆ ಹಲಗೆ ಗಟ್ಟಿಯಾಗಿದೆ ಅಂತ ಮಾತ್ರ ನೋಡಿ ದುಡ್ಡು ಕೊಡಬೇಡಿ. ನಮ್ಮ ಹಲಗೆಗೆ ಇವತ್ತಿಗೂ ಏನೂ ಆಗಿಲ್ಲ. ಕಿತ್ತು ಬಂದಿದ್ದು ಗೋಡೆ.

ನಾವಿರುವುದು ಬೆಂಗಳೂರಿನ ಒಂದು ಬಾಡಿಗೆ ಫ್ಲ್ಯಾಟ್‌ನಲ್ಲಿ. ನಮ್ಮ ಚುಕ್ಕಿಗಾಗಿ ಹಾಲ್‌ನ ಕಿಟಕಿ ಪಕ್ಕ ಒಂದು ಅಡಿ ಅಗಲದ ಹಲಗೆ ಮಾಡಿಸಿದೆವು. ಕಾರ್ಪೆಂಟರ್ 18 ಎಂಎಂ ಪ್ಲೈವುಡ್ ತಂದ, ಅಂಚಿಗೆ ನೀಟಾಗಿ ಬೀಡಿಂಗ್ ಹೊಡೆದ, ಮೇಲೆ ಕಾರ್ಪೆಟ್ ಅಂಟಿಸಿದ. ನೋಡಲು ಬಹಳ ಚೆಂದ. ಗೋಡೆಗೆ ಡ್ರಿಲ್ ಹಾಕುವಾಗ ಮೊದಲು ಬಿಳಿ ಪುಡಿ ಬಂತು, ಆಮೇಲೆ ಬೂದು ಪುಡಿ, ಆಮೇಲೆ ಡ್ರಿಲ್ ಧಡಕ್ಕಂತ ಒಳಗೆ ಹೋಯಿತು. ಅಂದರೆ ಒಳಗಿರುವುದು ಟೊಳ್ಳು ಬ್ಲಾಕ್. ಪ್ಲಾಸ್ಟಿಕ್ ಪ್ಲಗ್ ಹಾಕಿ ಸ್ಕ್ರೂ ತಿರುಗಿಸಿದರೆ ಪ್ಲಗ್ಗೂ ಜೊತೆಗೇ ಸುತ್ತುತ್ತಿತ್ತು. ಆತ ಏನು ಮಾಡಿದ ಗೊತ್ತಾ? ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ಕಡ್ಡಿ ಮುರಿದು ತೂತಿಗೆ ತುರುಕಿದ. ಸ್ಕ್ರೂ ಬಿಗಿಯಾಯಿತು. ಇದು ನಿಲ್ಲುತ್ತಾ ಅಂತ ಕೇಳಿದ್ದಕ್ಕೆ, "ಕೂರೋದು ಬೆಕ್ಕು ಅಲ್ವಾ ಮೇಡಂ, ಆನೆ ಅಲ್ಲವಲ್ಲ" ಅಂದ. ಹಲಗೆಯನ್ನು ಕೈಯಿಂದ ಜೋರಾಗಿ ಒತ್ತಿಯೂ ತೋರಿಸಿದ. ಅಲುಗಾಡಲಿಲ್ಲ.

ಆತ ಒತ್ತಿದ್ದು ಗೋಡೆಯ ಹತ್ತಿರ. ಬೆಕ್ಕು ಬಂದು ಇಳಿಯುವುದು ಹೊರ ಅಂಚಿಗೆ. ನಮ್ಮ ಬ್ರಾಕೆಟ್‌ನ ಗೋಡೆಗೆ ತಾಗುವ ಭಾಗ 4 ಇಂಚು, ಹಲಗೆ ಚಾಚಿರುವುದು 12 ಇಂಚು. ಆಗ ಅಂಚಿನ ಮೇಲಿನ ಭಾರ ಮೇಲಿನ ಸ್ಕ್ರೂಗಳನ್ನು ಹೆಚ್ಚುಕಮ್ಮಿ ಮೂರು ಪಟ್ಟು ಬಲದಿಂದ ಹೊರಗೆಳೆಯುತ್ತದೆ. 4 ಕೆಜಿ ಬೆಕ್ಕು ಸುಮ್ನೆ ಕೂತರೇ 12 ಕೆಜಿ ಎಳೆತ. ಹಾರಿ ಬಂದು ಇಳಿದರೆ ಆ ಕ್ಷಣಕ್ಕೆ ಇನ್ನೂ ಹಲವು ಪಟ್ಟು. ಇಷ್ಟನ್ನೂ ತಡೆದುಕೊಳ್ಳಬೇಕಾದ್ದು ಅರ್ಧ ಇಂಚಿನ ಆಸುಪಾಸಿನ ಪ್ಲಾಸ್ಟರ್, ಅದರ ಹಿಂದೆ ಬ್ಲಾಕಿನ ತೆಳು ಗೋಡೆ, ಜೊತೆಗೆ ನಾಲ್ಕು ಬೆಂಕಿಕಡ್ಡಿ.

ಬೀಳುವ ಮುಂಚೆ ಕೆಳಗೆ ನೆಲದ ಮೇಲೆ ಬಿಳಿ ಪುಡಿ ಉದುರುತ್ತಿತ್ತು. ಚುಕ್ಕಿ ಹತ್ತುವ ಮೊದಲು ಮುಂಗಾಲಿಂದ ಹಲಗೆಯನ್ನು ತಟ್ಟಿ ನೋಡತೊಡಗಿದ್ದಳು. ನಿಮ್ಮ ಮನೆಯಲ್ಲಿ ಇವೆರಡರಲ್ಲಿ ಯಾವುದು ಕಂಡರೂ ಹಲಗೆಯನ್ನು ಅವತ್ತೇ ಇಳಿಸಿ. ನಮ್ಮಲ್ಲಿ ಒಂದು ರಾತ್ರಿ ಹಲಗೆ, ಬ್ರಾಕೆಟ್, ಅಂಗೈಯಗಲದ ಪ್ಲಾಸ್ಟರ್ ಎಲ್ಲ ಒಟ್ಟಿಗೆ ಕೆಳಗೆ ಬಂತು. ಬೆಕ್ಕು ಬಿದ್ದರೂ ಕಾಲ ಮೇಲೇ ನಿಲ್ಲುತ್ತೆ ಅಂತ ಆಮೇಲೆ ಎಷ್ಟು ಜನ ಹೇಳಿದರೋ! ನಿಂತವಳ ಮೇಲೆ ಹಲಗೆಯೂ ಬಿದ್ದರೆ? ಹಿಂಗಾಲಿನ ಮೂಳೆ ಮುರಿಯಿತು. ಆಪರೇಷನ್ ಆಯಿತು, ಆಮೇಲೆ ವಾರಗಟ್ಟಲೆ ಬೋನಿನಲ್ಲಿ ಇಡಬೇಕಾಯಿತು. ಬಿಲ್ ಎಷ್ಟು ಅಂತ ಕೇಳಬೇಡಿ.

ಹಲಗೆಗಿಂತ ಮುಖ್ಯವಾದ ಮಾತು ಇನ್ನೊಂದಿದೆ. ಆ ರಾತ್ರಿ ಅವಳು ಮಂಚದ ಕೆಳಗೆ ಕೂತು ನರಳುತ್ತಿದ್ದಾಗ ನಮ್ಮತ್ತೆ, "ಮಕ್ಕಳ ಜ್ವರದ ಸಿರಪ್ ಸ್ವಲ್ಪ ಹಾಕೋಣ್ವಾ" ಅಂದರು. ಪಾಪ, ಸಂಕಟಕ್ಕೆ ಹೇಳಿದ್ದು. ಡಾಕ್ಟರ್‌ಗೆ ಫೋನ್ ಮಾಡಿದರೆ ಅವರು ಹೆಚ್ಚುಕಮ್ಮಿ ಕಿರುಚಿಯೇ ಬಿಟ್ಟರು. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ನಮ್ಮ ಲಿವರ್ ಅದನ್ನು ಅರಗಿಸಿ ಹೊರಹಾಕಿದ ಹಾಗೆ ಬೆಕ್ಕಿನ ಲಿವರ್‌ಗೆ ಆಗುವುದಿಲ್ಲ. ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಹೋಗುತ್ತದೆ, ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಂಜ ಊದಿಕೊಳ್ಳುತ್ತವೆ. ಜೀವ ಹೋಗಲು ಒಂದು ಮಾತ್ರೆ ಸಾಕು. ಐಬುಪ್ರೊಫೆನ್ ಕೂಡ ಕೊಡಬಾರದು. ಬಿದ್ದ ಬೆಕ್ಕು ಬಾಯಿ ತೆರೆದು ಉಸಿರಾಡುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಕರೆದುಕೊಂಡು ಹೋಗಿ.

ಕಾರ್ಪೆಂಟರ್‌ಗೆ ಫೋನ್ ಮಾಡಿದೆ. "ಬೆಕ್ಕು ಹಾರುತ್ತೆ ಅಂತ ನೀವು ಮೊದಲೇ ಹೇಳಲಿಲ್ಲವಲ್ಲ ಮೇಡಂ" ಅಂದ! ಅಷ್ಟೇ, ಆಮೇಲೆ ಫೋನ್ ಎತ್ತಲೇ ಇಲ್ಲ. ಗೋಡೆ ಸರಿ ಮಾಡಿಸುವ ಖರ್ಚನ್ನು ಅಡ್ವಾನ್ಸ್‌ನಲ್ಲಿ ಹಿಡಿಯುತ್ತೇನೆ ಅಂತ ಓನರ್ ಬೇರೆ ಹೇಳಿದ್ದಾರೆ.

ಗೋಡೆಗೇ ಬೇಕು ಅನ್ನುವವರು ಡ್ರಿಲ್ ಹಾಕುವಾಗ ಪಕ್ಕದಲ್ಲೇ ನಿಂತಿರಿ. ಕೆಂಪು ಪುಡಿ ಬಂದರೆ ಇಟ್ಟಿಗೆ. ಕೊನೆಯವರೆಗೂ ಗಟ್ಟಿಯಾಗಿ ಬೂದು ಪುಡಿಯೇ ಬಂದರೆ ಕಾಂಕ್ರೀಟ್. ಎರಡೂ ಪರವಾಗಿಲ್ಲ. ಡ್ರಿಲ್ ಸಲೀಸಾಗಿ ಒಳಗೆ ಹೋದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಕಾಂಕ್ರೀಟ್ ಪಿಲ್ಲರ್ ಅಥವಾ ಬೀಮ್ ಇರುವ ಕಡೆ ಜಾಗ ಹುಡುಕಿ. ಬ್ರಾಕೆಟ್‌ಗೆ ಕೆಳಗಿನಿಂದ ಓರೆಯಾಗಿ ಆಸರೆ ಇರಬೇಕು, ಗೋಡೆಗೆ ತಾಗುವ ಭಾಗ ಹಲಗೆಯ ಅಗಲದಷ್ಟಾದರೂ ಉದ್ದ ಇರಬೇಕು. ಎರಡು 10 ಕೆಜಿ ಅಕ್ಕಿ ಚೀಲಗಳನ್ನು ಹೊರ ಅಂಚಿಗೇ ಇಟ್ಟು ರಾತ್ರಿಯಿಡೀ ಬಿಡಿ, ಆಮೇಲೆ ಬೆಕ್ಕನ್ನು ಹತ್ತಿಸಿ.

ಕಿಟಕಿ ಪಕ್ಕವಾದರೆ ಸೊಳ್ಳೆ ಪರದೆಯನ್ನು ನಂಬಬೇಡಿ. ವೆಲ್ಕ್ರೋ ಅಂಟಿಸಿದ ನೈಲಾನ್ ಬಲೆ ಬೆಕ್ಕಿನ ಭಾರ ತಡೆಯುವುದಿಲ್ಲ. ಮಹಡಿಗಳಿಂದ ಬಿದ್ದ 132 ಬೆಕ್ಕುಗಳ ಬಗ್ಗೆ ನ್ಯೂಯಾರ್ಕ್‌ನ ಪಶುವೈದ್ಯರು 1987ರಲ್ಲಿ ಬರೆದ ವರದಿಯನ್ನು ತೋರಿಸಿ, ಚಿಕಿತ್ಸೆ ಪಡೆದವುಗಳಲ್ಲಿ ಶೇಕಡ 90 ಬದುಕಿದವು ಅಂತ ಕೆಲವರು ಸಮಾಧಾನ ಹೇಳುತ್ತಾರೆ. ಆ ಲೆಕ್ಕದಲ್ಲಿರುವುದು ಆಸ್ಪತ್ರೆಗೆ ಬಂದ ಬೆಕ್ಕುಗಳು ಮಾತ್ರ. ಬಿದ್ದಲ್ಲೇ ಸತ್ತವನ್ನು ಯಾರು ತರುತ್ತಾರೆ?

ಬಾಡಿಗೆ ಮನೆಯವರಿಗೆ ಬೀರುವಿನ ತಲೆಯೇ ಸಾಕು. ಮೇಲೆ ಹಳೇ ಕಂಬಳಿ, ಹತ್ತಲು ಪಕ್ಕದಲ್ಲಿ ಅಲುಗಾಡದ ಒಂದು ಟೇಬಲ್. ಫ್ಯಾನ್ ಮಾತ್ರ ದೂರ ಇರಬೇಕು. ಬೀರುವಾಗಲಿ ಹಲಗೆಯಾಗಲಿ, ಅಲ್ಲಿಂದ ಜಿಗಿದರೆ ರೆಕ್ಕೆಗೆ ಸಿಗುವ ಹಾಗಿದ್ದರೆ ಆ ಜಾಗ ಬೇಡವೇ ಬೇಡ.