ಶಾಫ್ಟ್ ಬ್ಯಾಲೆನ್ಸಿಂಗ್ ಮೊದಲೋ, ಕೋನ ಮೊದಲೋ?
ಹಳೆಯ ಅಂಬಾಸಿಡರ್‌ಗೆ ಬೇರೆ ಎಂಜಿನ್, ಗೇರ್‌ಬಾಕ್ಸ್ ಕೂರಿಸಿದ ಮೇಲೆ ಗಾಡಿಯ ನೆಲ ನಡುಗಿದರೆ ಬಹುತೇಕರು ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ತಿರುಗುವ ದಂಡ) ಬ್ಯಾಲೆನ್ಸಿಂಗ್‌ಗೆ ಓಡುತ್ತಾರೆ. ಅವಸರ ಬೇಡ. ಶಾಫ್ಟಿನ ತೂಕ ಏರುಪೇರಾಗಿದ್ದರೆ ಸುತ್ತಿಗೊಂದು ಅದುರು; ವೇಗದೊಂದಿಗೆ ಏರುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಅಷ್ಟಾಗಿ ತಗ್ಗದು. ಯು-ಜಾಯಿಂಟಿನ (ಶಾಫ್ಟಿನ ಎರಡೂ ತುದಿಯಲ್ಲಿರುವ, ಬಾಗಿಕೊಂಡೇ ತಿರುಗುವ ಕೀಲು) ಕೋನ ತಪ್ಪಿದ್ದರೆ ಪ್ರತಿ ಸುತ್ತಿಗೂ ಎರಡು ಅದುರು. ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ಅದರ ಸ್ವಭಾವವೇ ಬದಲಾಗುತ್ತದೆ, ಏಕೆಂದರೆ ಎಳೆತಕ್ಕೆ ಡಿಫರೆನ್ಶಿಯಲ್ (ಹಿಂದಿನ ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆ) ಮೂತಿ ಮೇಲೆದ್ದು ಕೋನ ಬದಲಾಗುತ್ತದೆ.

ಎಂಜಿನ್ ಬದಲಿಸಿದ ಗಾಡಿಯಲ್ಲಿ ನನ್ನ ಅನುಮಾನ ಕೋನದ ಮೇಲೆಯೇ. ಅದನ್ನು ನೋಡಲು ಆಂಗಲ್ ಗೇಜ್ ಸಾಕು, ಆದರೆ ಅಳೆಯುವಾಗ ಗಾಡಿಯ ಭಾರ ಚಕ್ರಗಳ ಮೇಲಿರಲಿ. ಎರಡೂ ಜಾಯಿಂಟುಗಳ ಕೋನ ಸುಮಾರು 3 ಡಿಗ್ರಿಯೊಳಗಿರಬೇಕು, ಪರಸ್ಪರ ವ್ಯತ್ಯಾಸ 1 ಡಿಗ್ರಿ ಮೀರಬಾರದು. ಮೀರಿದರೆ ಆಕ್ಸಲ್ ಮತ್ತು ಲೀಫ್ ಸ್ಪ್ರಿಂಗ್ ನಡುವೆ ಬೆಣೆ ಹಾಕಿಸಿ. ಶಾಫ್ಟನ್ನು ಕತ್ತರಿಸಿ ಬೆಸೆದಿದ್ದರೆ ಮಾತ್ರ ಬ್ಯಾಲೆನ್ಸಿಂಗ್ ಮೊದಲು.